ತಾಟಿನ ಎಡಭಾಗ

ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಶ್ರಾವಣ ಮುಗಿದು ವಾರವಾಗಿರಬಹುದು. ಸ್ಥಳ ಬಾದಾಮಿ ತಾಲೂಕಿನ ಕುಳಗೇರಿ ಕ್ರಾಸ್, ಮುಖ್ಯರಸ್ತೆಯಿಂದ ತುಸು ಒಳಗಿನ ಒಂದು ಮನೆ. ಹಾಜರಿದ್ದವರು ಮೂವರು: ಅರವತ್ತು ದಾಟಿದ ಮನೆಯ ಯಜಮಾನ, ಕ್ರೂಸರ್ ಗಾಡಿಯ ಚಾಲಕ ಸಂಗಪ್ಪ; ಅವರ ಹೆಂಡತಿ ನೀಲವ್ವ; ಮತ್ತು ನಾನು, ಶಮೀಮ್ ಬಾನು, ಬಾಗಲಕೋಟೆಯ ಒಂದು ಆಸ್ಪತ್ರೆಯ ನೆನಪಿನ ವಿಭಾಗದ ಪರೀಕ್ಷಕಿ. ಅಂಗಳದಲ್ಲಿ ಬಿಳಿ ಕ್ರೂಸರ್ ತೊಳೆಸಿಕೊಂಡು ನಿಂತಿತ್ತು. ಮರುದಿನ ಅದು ಬಸುರಿಗೆ ಮಾಡುವ ಕುಬಸದ ಕಾರ್ಯಕ್ಕೆ ಹೋಗುವ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಅಮೀನಗಡಕ್ಕೆ ಹೊರಡಬೇಕಿತ್ತು. ಎರಡು ತಿಂಗಳ ಹಿಂದೆ ಸಂಗಪ್ಪನವರಿಗೆ ಮಿದುಳಿನಲ್ಲಿ ಸಣ್ಣ ಹೊಡೆತ, ಸ್ಟ್ರೋಕ್, ಆಗಿತ್ತು. ಕೈಕಾಲು ಸರಿಹೋಗಿದ್ದವು. ಅವರು ಮತ್ತೆ ಸ್ಟೇರಿಂಗ್ ಹಿಡಿಯಬಹುದೇ ಎಂಬುದು ನನ್ನ ಆ ದಿನದ ಪರೀಕ್ಷೆಯ ಮೇಲೆ ನಿಂತಿತ್ತು.

ನಾನು ನಿವೃತ್ತಳಾಗಿ ಈಗ ಒಂದು ವರ್ಷ. ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದವರು ಫೋನ್ ಮಾಡಿ, ಮನೆಮನೆಗೆ ಹೋಗಿ ಪರೀಕ್ಷೆ ಮಾಡುವಾಗ ಏನು ಗಮನಿಸಬೇಕು ಎಂದು ಕೇಳುತ್ತಾರೆ. ಪುಸ್ತಕದಲ್ಲಿರುವುದನ್ನು ಅವರು ನನಗಿಂತ ಚೆನ್ನಾಗಿ ಓದಿದ್ದಾರೆ. ಪುಸ್ತಕದ ಹೊರಗಿನದ್ದನ್ನು ಬರೆದಿಡುವುದಕ್ಕಾಗಿ ಆ ಗುರುವಾರವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಮೊದಲು ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸುತ್ತಮುತ್ತಲಿನ ಹಿರಿಯರನ್ನು ನಾವು ವರ್ಷಕ್ಕೊಮ್ಮೆ ಕಂಡು ಅವರ ನೆನಪು, ಗಮನ, ಮಾತು, ಲೆಕ್ಕ ಇವನ್ನು ಅಳೆಯುತ್ತಿದ್ದೆವು. ನಡುವೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮತ್ತೊಮ್ಮೆ ಹೋಗುತ್ತಿದ್ದೆವು. ಯಾವುದು ವಯಸ್ಸಿನ ಕೆಲಸ, ಯಾವುದು ಕಾಯಿಲೆಯ ಕೆಲಸ ಎಂದು ಬೇರ್ಪಡಿಸುವುದೇ ಉದ್ದೇಶ. ಕೇಳಲು ಸುಲಭ. ಮನೆಯವರು ಮಾತ್ರ ಎರಡನ್ನೂ ಒಂದೇ ಚೀಲಕ್ಕೆ ಹಾಕಿ, 'ವಯಸ್ಸಾತ್ರಿ' ಎಂದುಬಿಡುತ್ತಾರೆ.

ನಾನು ಸೇರಿದಾಗ ಪರೀಕ್ಷೆಯ ಹಾಳೆಗಳು ದಕ್ಷಿಣದ ಕಡೆಯಿಂದ ಅಚ್ಚಾಗಿ ಬರುತ್ತಿದ್ದವು. ಪ್ರಾಣಿಗಳ ಚಿತ್ರ ತೋರಿಸಿ ಹೆಸರು ಹೇಳಿಸಬೇಕು. ಅದರಲ್ಲಿ ಒಂದು ಘೇಂಡಾಮೃಗ. ಬೇವೂರಿನ ಒಬ್ಬ ರೈತರು ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ನೀವು ಎಲ್ಲಿ ನೋಡೀರಿ?" ಎಂದು ಕೇಳಿದರು.

"ನಾನೂ ಚಿತ್ರದಾಗ ನೋಡೇನ್ರಿ."

"ಹಂಗಾದ್ರ ಇಬ್ರೂ ನಪಾಸ ಅಂತ ಬರ್ಕೋರಿ."

ಆಗಿನ ಮುಖ್ಯಸ್ಥರಿಗೆ ಇದನ್ನು ಹೇಳಿದೆ. ಅಚ್ಚಾದ ಹಾಳೆಯನ್ನು ತಿದ್ದುವ ಅಧಿಕಾರ ನಮಗಿಲ್ಲ ಎಂದರು. ಅವರ ನಂತರ ಬಂದವರು ಮೈಸೂರು ಕಡೆಯವರು, ಇಲ್ಲಿನ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಮೊದಲ ತಿಂಗಳಲ್ಲೇ ಘೇಂಡಾಮೃಗವನ್ನು ತೆಗೆಸಿ ಎಮ್ಮೆಯನ್ನು ಹಾಕಿಸಿದವರು ಅವರೇ. ಊರಿನವರಾಗಿದ್ದರೆ ಮಾತ್ರ ಊರು ಅರ್ಥವಾಗುತ್ತದೆ ಎಂದೇನೂ ಇಲ್ಲ.

ಹುನಗುಂದದಲ್ಲಿ ಒಬ್ಬ ಅಜ್ಜಿ ಒಂದು ವರ್ಷ ಎಲ್ಲವನ್ನೂ ಸರಿಯಾಗಿ ಹೇಳಿ, ಮರುವರ್ಷ ತಮ್ಮ ಓಣಿಯ ಹೆಸರಿಗೂ ತಡಕಾಡಿದರು. ನಮ್ಮವರೊಬ್ಬರು ವರದಿಯಲ್ಲಿ 'ತೀವ್ರ ಕುಸಿತ' ಎಂದು ಬರೆದೇಬಿಟ್ಟರು. ಅದು ಶ್ರಾವಣ ಸೋಮವಾರ. ಅಜ್ಜಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಉಪವಾಸ ಮಾಡಿದ್ದರು. ಮಂಗಳವಾರ ಊಟದ ನಂತರ ಹೋದರೆ ಓಣಿಯ ಹೆಸರಷ್ಟೇ ಅಲ್ಲ, ಓಣಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದನ್ನೂ ಹೇಳಿದರು. ಅಂದಿನಿಂದ ನಮ್ಮ ಮೊದಲ ಪ್ರಶ್ನೆ 'ಇವತ್ತು ಯಾವ ವಾರ' ಎಂಬುದಲ್ಲ, 'ಏನ್ ಉಂಡ್ರಿ' ಎಂಬುದು. ರಮಜಾನಿನ ತಿಂಗಳಲ್ಲಿ ನಮ್ಮ ಜನರ ಮನೆಗಳಿಗೂ ಇದೇ ನಿಯಮ.

ಇಳಕಲ್ಲಿನಲ್ಲಿ ಒಬ್ಬ ನೇಕಾರರಿಗೆ ಮರೆವು ಹೆಚ್ಚಾಗಿದೆ ಎಂದು ಮಕ್ಕಳು ಕರೆಸಿದ್ದರು. ಹೇಳಿದ ಕೆಲಸ ನೆನಪಿರುವುದಿಲ್ಲವಂತೆ. ಜೊತೆಗೆ ಬಂದಿದ್ದ ವೈದ್ಯರೊಬ್ಬರು ಬಾಗಿಲಲ್ಲಿ ನಿಂತೇ ನಾಲ್ಕು ಪ್ರಶ್ನೆ ಕೇಳಿ ತಲೆಯಾಡಿಸಿದರು. ನಾನು ಎದುರಿಗೆ ಕುಳಿತು, ತುಟಿ ಕಾಣುವಂತೆ ಅವೇ ಪ್ರಶ್ನೆಗಳನ್ನು ಕೇಳಿದೆ. ಎಲ್ಲಕ್ಕೂ ಉತ್ತರ ಬಂತು. ಜೀವನಪೂರ್ತಿ ಮಗ್ಗದ ಸದ್ದಿನಲ್ಲಿ ಕೂತವರ ಕಿವಿ ಅದು. ಕೇಳದ ಮಾತು ನೆನಪಿರುವುದಾದರೂ ಹೇಗೆ? ಇದು ದೊಡ್ಡ ಜಾಣತನವೇನಲ್ಲ. ಕುರ್ಚಿ ಎಳೆದುಕೊಂಡು ಕೂತದ್ದಕ್ಕೆ ಗೊತ್ತಾಯಿತು, ಅಷ್ಟೇ.

ನನ್ನ ತಂದೆ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದರು. ಮನೆಯಲ್ಲೂ ಸೀಟಿ ಊದುತ್ತಿದ್ದರು ಎಂದು ತಾಯಿ ನಗುತ್ತಿದ್ದರು. ಆ ಅಭ್ಯಾಸ ನನಗೂ ಬಂದಿದೆ. ಪರೀಕ್ಷೆಗೆ ನನ್ನದೊಂದು ಕ್ರಮವಿತ್ತು: ಮಾತಿನ ಪರೀಕ್ಷೆಗಳು ಊಟಕ್ಕೆ ಮೊದಲು, ಹಾಳೆಯ ಮೇಲಿನವು ಊಟದ ನಂತರ. ಮುಂಜಾನೆ ಪೆನ್ಸಿಲ್ ಹಿಡಿಸಿದರೆ ಶಾಲೆಗೆ ಹೋಗದ ಹಿರಿಯರು ಹೆದರಿ ಬಾಯಿಯನ್ನೇ ಮುಚ್ಚಿಕೊಳ್ಳುತ್ತಾರೆ. ಮಾತಾಡಿ, ನಕ್ಕು, ಉಂಡ ಮೇಲೆ ಕೈ ಹಗುರಾಗುತ್ತದೆ. ಈ ಕ್ರಮವನ್ನು ಯಾವ ಅವಸರಕ್ಕೂ ಮುರಿಯುತ್ತಿರಲಿಲ್ಲ. ನಮ್ಮ ದೊಡ್ಡ ಡಾಕ್ಟರಿಗೆ, ಎಮ್ಮೆಯ ಚಿತ್ರ ಹಾಕಿಸಿದವರಿಗೇ, ಇದೊಂದು ಕಿರಿಕಿರಿಯಾಗಿತ್ತು.

ಸಂಗಪ್ಪನವರ ಮಾತಿನ ಪರೀಕ್ಷೆ ಹತ್ತೂಕಾಲಿಗೆ ಶುರುವಾಯಿತು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿ ಕೂತಿದ್ದರು.

ಏನ್ ಉಂಡ್ರಿ ಎಂದು ಮೊದಲು ಕೇಳಿದೆ, ನಾಷ್ಟಾ ಆಗಿತ್ತು. "ಇವತ್ತ ಯಾವ ವಾರ್ರಿ?" ಎಂದೆ.

"ಗುರುವಾರ. ಗುರುವಾರ ಬರ್ತೇನಿ ಅಂತ ಫೋನ್ ಮಾಡಿದವ್ರು ನೀವ. ಈಗ ನನ್ನ ಕೇಳ್ತೀರಿ. ಮರವು ಯಾರಿಗೈತ್ರಿ ಮೇಡಮ್ಮಾರ?"

ಒಳಗಿನಿಂದ ನೀಲವ್ವ ನಕ್ಕಿದ್ದು ಕೇಳಿಸಿತು. "ಹಂಗ ತಿರುಗಿ ಮಾತಾಡಬ್ಯಾಡ್ರಿ, ಮಾರ್ಕ್ಸ್ ಕಡಿತಾರ!" ಎಂದು ಕೂಗಿದರು.

ಮಾರ್ಕ್ಸ್ ಕಡಿಯುವ ಪ್ರಸಂಗವೇ ಬರಲಿಲ್ಲ. ವಾರಗಳನ್ನು ಕೊನೆಯಿಂದ ಮೊದಲಿಗೆ ತಪ್ಪಿಲ್ಲದೆ ಹೇಳಿದರು. ನಾನು ಹೇಳಿದ ಪದಗಳನ್ನು ಅರ್ಧ ಗಂಟೆಯ ನಂತರವೂ ಒಂದೂ ಬಿಡದೆ ಒಪ್ಪಿಸಿದರು. ಒಂದು ಸಣ್ಣ ಕಥೆ ಹೇಳಿ ತಿರುಗಿ ಹೇಳಿ ಎಂದರೆ, ಕಥೆಯ ಹೆಂಗಸು ಸಂತೆಗೆ ಹೋಗುವ ದಾರಿಯಲ್ಲಿ ಬಸ್ ಕೆಟ್ಟಿತೆಂದು ತಮ್ಮದೊಂದು ಸೇರಿಸಿ, "ನಾ ಇದ್ದಿದ್ರ ನನ್ನ ಗಾಡ್ಯಾಗ ಬಿಡ್ತಿದ್ದೆ" ಎಂದರು.

ಹನ್ನೆರಡಕ್ಕೆ ದೊಡ್ಡ ಡಾಕ್ಟರ ಫೋನ್ ಬಂತು. "ಹೇಗಿದೆ ನಿಮ್ಮ ಡ್ರೈವರ್?"

"ಮಾತಿನ ಪರೀಕ್ಷೆ ಪೂರ್ತಿ ಸರಿ ಇದೆ ಸರ್."

"ಹಾಗಾದರೆ ಸರ್ಟಿಫಿಕೇಟಿಗೆ ಸಹಿ ಹಾಕಿಬಿಡಲೇ? ನಾಳೆ ಏನೋ ಬಾಡಿಗೆ ಇದೆಯಂತೆ, ನೆನ್ನೆಯಿಂದ ಎರಡು ಸಲ ಫೋನ್ ಮಾಡಿದ್ದಾರೆ. ಕಣ್ಣಿನವರೂ ದೃಷ್ಟಿ ಚೆನ್ನಾಗಿದೆ ಅಂತ ಬರೆದಿದ್ದಾರೆ."

"ಹಾಳೆಯ ಪರೀಕ್ಷೆ ಊಟದ ನಂತರ ಇದೆ ಸರ್."

"ನಿಮ್ಮ ಊಟ, ನಿಮ್ಮ ಹಾಳೆ" ಎಂದು ನಗುತ್ತಲೇ ಫೋನ್ ಇಟ್ಟರು. ಆದರೆ ಸಹಿ ಹಾಕಲಿಲ್ಲ.

ನೀಲವ್ವ ಊಟಕ್ಕೆ ಎಬ್ಬಿಸಿದರು. ಸಂಗಪ್ಪನವರ ಎದುರಿಗೆ ನನ್ನ ತಾಟು. ನೀಲವ್ವ ಬಡಿಸುವುದನ್ನು ನೋಡುತ್ತಾ ಕೂತೆ. ತಾಟಿನ ಎಡಕ್ಕೆ ಮೇಲೆ ಉಪ್ಪು, ಅದರ ಕೆಳಗೆ ಶೇಂಗಾ ಚಟ್ನಿ, ಮಾವಿನ ಉಪ್ಪಿನಕಾಯಿ. ನಡುವೆ ಬಿಸಿ ರೊಟ್ಟಿ. ಬಲಕ್ಕೆ ಕಾಳುಪಲ್ಯ, ಮೊಸರಿನ ಬಟ್ಟಲು. ಇಬ್ಬರ ತಾಟಿನಲ್ಲೂ ಒಂದು ಬೆರಳಿನಷ್ಟೂ ವ್ಯತ್ಯಾಸವಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಹಾಸುವ ದಸ್ತರಖಾನಿನ ನಡುವೆ ಬೋಗುಣಿಗಳನ್ನು ಇಟ್ಟು, ಬೇಕಾದವರು ಬೇಕಾದ ಕಡೆ ಹಾಕಿಕೊಳ್ಳುತ್ತಾರೆ. ಹಾಗಾಗಿ ಕೇಳಿದೆ.

"ಇದು ನಮ್ಮ ರೂಢಿರಿ" ಎಂದರು ನೀಲವ್ವ. "ಎಡಕ್ಕ ಉಪ್ಪು, ಚಟ್ನಿ, ಉಪ್ಪಿನಕಾಯಿ. ಬಲಕ್ಕ ಪಲ್ಯ. ನಮ್ಮತ್ತಿ ಮದುವ್ಯಾದ ವಾರದಾಗ ಕಲಿಸ್ಯಾರ. ಅದಲಿ ಬದಲಿ ಆದ್ರ ತಾಟ ದೂಡ್ತಿದ್ರು." ಆಮೇಲೆ ಧ್ವನಿ ತಗ್ಗಿಸಿ, ಗಂಡನಿಗೆ ಕೇಳುವಂತೆಯೇ ಹೇಳಿದರು: "ಆದ್ರ ಇವ್ರು ಈಗ ಭಾಳ ಶಾಣ್ಯಾ ಆಗ್ಯಾರ್ರಿ. ಬೀಪಿ ಐತಿ, ಉಪ್ಪು ಉಪ್ಪಿನಕಾಯಿ ಬಿಡ್ರಿ ಅಂತ ಡಾಕ್ಟರು ಮೊದಲಿಂದ ಬಡ್ಕೊಂಡ್ರು. ಕೇಳಲೇ ಇಲ್ಲ. ಈಗ ದವಾಖಾನಿಂದ ಬಂದಾಗಿಂದ ಮುಟ್ಟೇ ಇಲ್ಲ. ನಾ ರೂಢಿ ಬಿಡಬಾರದಂತ ನೀಡ್ತೇನಿ, ಅವ್ರು ಹಂಗ ಬಿಡ್ತಾರ. ಓಣ್ಯಾಗ ಎಲ್ಲಾರಿಗೂ ಹೇಳೇನಿ, ಪಥ್ಯ ಅಂದ್ರ ನಮ್ಮ ಮನ್ಯಾಗ ನೋಡಿ ಕಲೀರಿ ಅಂತ."

ಸಂಗಪ್ಪ ತಲೆ ಎತ್ತದೆ ಉಣ್ಣುತ್ತಿದ್ದರು. ರೊಟ್ಟಿಯನ್ನು ಬಲಗಡೆಯಿಂದ ಮುರಿದು ಮುರಿದು, ಪಲ್ಯ ಹಚ್ಚಿ ತಿಂದರು. ರೊಟ್ಟಿಯ ಎಡದ ಅರ್ಧ ತಾಟಿನಲ್ಲಿ ಹಾಗೇ ಉಳಿದಿತ್ತು. ಆಗ ಅವರು, "ರೊಟ್ಟಿ ನೀಡು" ಎಂದರು.

"ಬಿಸೀದು ಬೇಕಂತಾರ" ಎಂದು ನೀಲವ್ವ ಇನ್ನೊಂದನ್ನು ತಂದು ಆ ಅರ್ಧದ ಮೇಲೆ ಹಾಕಿದರು.

ಅರ್ಧ ರೊಟ್ಟಿ ಕಣ್ಣೆದುರಿಗೆ ಇರುವಾಗ ರೊಟ್ಟಿ ಕೇಳುವವರು ಹಸಿವಿನಿಂದ ಕೇಳುತ್ತಿದ್ದಾರೆ. ಬಿಸಿ ಬೇಕೆನ್ನುವವರು ತಣ್ಣಗಿನದನ್ನು ಪಕ್ಕಕ್ಕೆ ಸರಿಸುತ್ತಾರೆ. ಇವರು ಸರಿಸಿರಲಿಲ್ಲ. ನಾನು ಕೈ ತೊಳೆದುಕೊಂಡು, "ಸಂಗಪ್ಪಾರ, ನಿಮ್ಮ ತಾಟು ಒಂದ್ ಸ್ವಲ್ಪ ತಿರುಗಸ್ಲ್ಯಾ?" ಎಂದು ಕೇಳಿದೆ.

"ತಿರುಗಸ್ರಿ. ಇದೂ ಪರೀಕ್ಷೆ ಏನ್ರಿ?"

ತಾಟನ್ನು ಅರ್ಧ ಸುತ್ತು ತಿರುಗಿಸಿದೆ. ಸಂಗಪ್ಪನವರ ಮುಖ ಅರಳಿತು. "ಅಲಲಾ! ಉಪ್ಪಿನಕಾಯಿ!" ಎಂದು ಹೋಳನ್ನೇ ಎತ್ತಿ ಬಾಯಿಗೆ ಹಾಕಿಕೊಂಡರು. ಚಟ್ನಿಗೂ ಕೈ ಹೋಯಿತು.

"ಅಯ್ಯ, ಪಥ್ಯಾ?" ಎಂದರು ನೀಲವ್ವ.

"ಪಥ್ಯ ಯಾರದ? ನೀನ ಎರಡ ತಿಂಗಳಿಂದ ನೀಡಂಗಿಲ್ಲ. ಡಾಕ್ಟರು ಬ್ಯಾಡಂದಾರ, ಹೆಂಡ್ತಿ ಬ್ಯಾರೆ ಸಿಟ್ಟಿನಾಕಿ, ಕೇಳೂದು ಬ್ಯಾಡಂತ ಸುಮ್ಮನಿದ್ದೆ."

ನೀಲವ್ವ ನನ್ನ ಮುಖ ನೋಡಿದರು. ಗಂಡ ಬಿಟ್ಟಿದ್ದಾನೆಂದು ಹೆಂಡತಿ, ಹೆಂಡತಿ ನೀಡುವುದಿಲ್ಲವೆಂದು ಗಂಡ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು, ಬೈದುಕೊಂಡು ಎರಡು ತಿಂಗಳು ಕಳೆದಿದ್ದರು. ಈಗ ತಾಟಿನ ಎಡಕ್ಕೆ ಬಂದಿದ್ದ ಪಲ್ಯವನ್ನು ಸಂಗಪ್ಪ ಮುಟ್ಟಲಿಲ್ಲ. "ಪಲ್ಯ ತೀರಿತೇನು?" ಎಂದು ಕೇಳಿದರು.

ಊಟದ ನಂತರ ಹಾಳೆ ತೆಗೆದೆ. ಉದ್ದಗಲಕ್ಕೂ ಸಣ್ಣ ಸಣ್ಣ ಗೆರೆಗಳಿರುವ ಹಾಳೆ ಅದು; ಕಂಡ ಪ್ರತಿ ಗೆರೆಯನ್ನೂ ಪೆನ್ಸಿಲಿನಿಂದ ಅಡ್ಡ ಹೊಡೆಯಬೇಕು. ಅವರು ನಿಧಾನವಾಗಿ, ಶಿಸ್ತಿನಿಂದ ಹೊಡೆದು, "ಎಲ್ಲಾ ಆತು" ಎಂದು ಹಾಳೆ ಕೊಟ್ಟರು. ಬಲಗಡೆಯ ಒಂದು ಗೆರೆಯೂ ಬಿಟ್ಟಿರಲಿಲ್ಲ. ಎಡಗಡೆಯ ಒಂದನ್ನೂ ಮುಟ್ಟಿರಲಿಲ್ಲ.

ಇದು ಕಣ್ಣಿನ ದೋಷವಲ್ಲ, ನೆನಪಿನದೂ ಅಲ್ಲ, ವಯಸ್ಸಿನದಂತೂ ಅಲ್ಲವೇ ಅಲ್ಲ. ಮಿದುಳಿನ ಬಲಭಾಗಕ್ಕೆ ಹೊಡೆತ ಬಿದ್ದಾಗ ಕೆಲವರಲ್ಲಿ ಎಡಗಡೆಯ ಜಗತ್ತು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಕಣ್ಣು ಕಾಣುತ್ತದೆ, ಗಮನ ಆ ಕಡೆ ಹೋಗುವುದಿಲ್ಲ. ವಯಸ್ಸು ಎಲ್ಲವನ್ನೂ ಸ್ವಲ್ಪ ಸ್ವಲ್ಪ ನಿಧಾನ ಮಾಡುತ್ತದೆ, ಮನೆಯವರಿಗೂ ಅದು ಕಾಣುತ್ತದೆ. ಇಂಥ ಕಾಯಿಲೆ ಒಂದನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಹಾಗೇ ಬಿಟ್ಟಿರುತ್ತದೆ. ಉಳಿದದ್ದು ಎಷ್ಟು ಚೆನ್ನಾಗಿರುತ್ತದೋ ಹೋದದ್ದು ಅಷ್ಟು ಅಡಗಿರುತ್ತದೆ. ಎಲ್ಲಕ್ಕಿಂತ ಕಷ್ಟದ ವಿಷಯ, ಅದು ಯಾರಿಗೆ ಆಗಿದೆಯೋ ಅವರಿಗೇ ಗೊತ್ತಿರುವುದಿಲ್ಲ.

ಸಂಗಪ್ಪ ಒಪ್ಪಲಿಲ್ಲ. "ಎರಡೂ ಕಣ್ಣು ಛಲೋ ಅದಾವ. ಕಣ್ಣಿನ ಡಾಕ್ಟರು ಬರದಕೊಟ್ಟಾರ. ಹಾಳಿ ಮ್ಯಾಲ ಗೀಟ ಹೊಡ್ಯಾಕ ಬರಲಿಲ್ಲಂದ್ರ ಗಾಡಿ ಹೊಡ್ಯಾಕ ಬರೂದಿಲ್ಲಂತ ಹೆಂಗ?"

ನೀಲವ್ವನೂ ಅವರ ಕಡೆಗೇ ನಿಂತರು. "ಒಂದ್ ಉಪ್ಪಿನಕಾಯಿ ಸಲುವಾಗಿ ಗಾಡಿ ಬಿಡಸ್ತೀರೇನ್ರಿ? ಮನ್ಯಾಗ ಕುಂತು ಇವ್ರು ಏನಾಗ್ಯಾರ ನನಗೊತ್ತು. ದಿನಾ ಎದ್ದು ಆ ಗಾಡಿ ತೊಳೀತಾರ. ಹೋಗದ ಗಾಡಿ ಯಾಕ ತೊಳೀತೀರಿ ಅಂದ್ರ ಮಾತ ಆಡೂದಿಲ್ಲ."

"ಮಂದಿ ನನ್ನ ಕ್ರೂಸರ ಸಂಗಪ್ಪ ಅಂತಾರ್ರಿ" ಎಂದರು ಅವರು. "ಗಾಡಿ ತಗದ್ರ ಉಳಿಯೂದು ಬರೇ ಸಂಗಪ್ಪ. ಊರಾಗ ಹತ್ತ ಮಂದಿ ಅದಾರ."

ಇಂಥಲ್ಲಿ ವಾದ ಮಾಡಬಾರದು ಎಂದು ಹೊಸಬರಿಗೆ ಹೇಳುತ್ತೇನೆ. ಕಾಣದ್ದನ್ನು ಕಾಣುವುದಿಲ್ಲ ಎಂದು ಮಾತಿನಲ್ಲಿ ಒಪ್ಪಿಸಲು ಆಗುವುದಿಲ್ಲ. ನಾನು ಕೀಲಿಯನ್ನು ಕೇಳಿ ಪಡೆದು ನನ್ನ ಚೀಲಕ್ಕೆ ಹಾಕಿಕೊಂಡೆ. "ಗಾಡ್ಯಾಗ ಕುಂದರೋಣ ಬರ್ರಿ. ಚಾಲೂ ಮಾಡೂದು ಬ್ಯಾಡ" ಎಂದೆ. ಅಂಗಳಕ್ಕೆ ಹೋಗುವಾಗ ನೀಲವ್ವನಿಗೆ ಏನು ಮಾಡಬೇಕೆಂದು ಹೇಳಿ, ನಾನು ಕೇಳುವವರೆಗೆ ಮಾತಾಡಬೇಡಿ ಎಂದೂ ಹೇಳಿದೆ.

ಸಂಗಪ್ಪ ಸೀಟಿನಲ್ಲಿ ಕೂತ ಕೂಡಲೆ ಬೇರೆ ಮನುಷ್ಯರಾದರು. ಬೆನ್ನು ನೆಟ್ಟಗಾಯಿತು. ನಾನು ಅವರ ಬಾಗಿಲ ಬಳಿ, ಬಲಗಡೆ ನಿಂತೆ. ನೀಲವ್ವ ಸುತ್ತು ಹಾಕಿ ಹೋಗಿ ಬಾನೆಟ್ಟಿನ ಮುಂದೆ ಎಡಮೂಲೆಯಲ್ಲಿ ನಿಂತರು. ಹಸಿರು ಇಳಕಲ್ಲ ಸೀರೆ, ಕೆಂಪು ಸೆರಗು, ಮಧ್ಯಾಹ್ನದ ಬಿಸಿಲು.

"ನಾಳೆ ಮುಂಜಾನಿ ಅಂತ ತಿಳೀರಿ" ಎಂದೆ. "ಮಂದಿ ಹತ್ತ್ಯಾರ. ಗಾಡಿ ಬಿಡೂ ಮುಂಚೆ ಏನ್ ನೋಡ್ತೀರಿ?"

"ಗೇರ್ ನೋಡ್ತೇನಿ. ಹ್ಯಾಂಡ್ ಬ್ರೇಕ್. ಕನ್ನಡಿ." ಬಲಗಡೆಯ ಕನ್ನಡಿಯನ್ನು ಮುಟ್ಟಿದರು. "ಮುಂದ ನೋಡ್ತೇನಿ. ಹಾದಿ ಸಾಫ್ ಐತಿ. ಬಿಡ್ಲ್ಯಾ?"

"ಇನ್ನೊಮ್ಮೆ ನೋಡ್ರಿ."

ನೋಡಿದರು. ಅವಸರ ಮಾಡಲಿಲ್ಲ. "ಸಾಫ್ ಐತ್ರಿ."

"ನೀಲವ್ವಾರು ಎಲ್ಲದಾರ?"

"ಒಳಗ ಭಾಂಡಿ ತಿಕ್ಕಾಕ ಹೋಗಿರಬೇಕು."

ನಾನು ನೀಲವ್ವನ ಕಡೆ ತಲೆಯಾಡಿಸಿದೆ. ಅವರು ಬಾನೆಟ್ಟಿಗೆ ಕೈಯಾನಿಸಿದರು. ಆಮೇಲೆ, "ಇಲ್ಲೇ ಅದೇನ್ರಿ" ಎಂದರು.

ಧ್ವನಿ ಬಂದ ಕಡೆಗೆ ಸಂಗಪ್ಪನವರ ತಲೆ ನಿಧಾನವಾಗಿ ತಿರುಗಿತು. ಅರ್ಧಕ್ಕೆ ನಿಂತಿತು. ಮತ್ತೆ ಹೊರಳಿತು. ಹೆಂಡತಿಯನ್ನು ಕಂಡರು.

"ನೀ ಯಾವಾಗ ಬಂದಿ?"

"ಮೊದಲಿಂದ ಇಲ್ಲೇ ನಿಂತೇನಿ."

ಸಂಗಪ್ಪ ನನ್ನ ಕಡೆ ನೋಡಿದರು. ಹೌದು ಎಂದೆ. ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ, ಇಳಿಯಲೂ ಇಲ್ಲ. ನೀಲವ್ವ ಬಾನೆಟ್ಟಿಗೆ ಕೈಯಾನಿಸಿಕೊಂಡು ಹಾಗೇ ನಿಂತಿದ್ದರು. ರಸ್ತೆಯಲ್ಲಿ ಎರಡು ಲಾರಿ ಹೋದವು.

ಕೊನೆಗೆ ಸಂಗಪ್ಪನೇ ಮಾತಾಡಿದರು. "ಕುಬಸದ ಮಂದ್ಯಾಗ ಸಣ್ಣ ಹುಡುಗುರು ಭಾಳ ಅದಾವ್ರಿ. ಗಾಡಿ ಮುಂದ ಮುಂದ ಓಡ್ಯಾಡ್ತಾವ."

ಸೀಟಿನಲ್ಲಿ ಕೂತೇ ಅವರು ಫೋನ್ ತೆಗೆದು, ಕ್ರಾಸ್‌ನಲ್ಲಿ ಗಾಡಿ ಹೊಡೆಯುವ ರಫೀಕನಿಗೆ ಹಚ್ಚಿದರು. ಆ ಕಡೆಯ ಮಾತು ದೊಡ್ಡದಾಗಿಯೇ ಕೇಳುತ್ತಿತ್ತು.

"ಲೇ ರಫೀಕ, ನಾಳೆ ಅಮೀನಗಡ ಬಾಡಿಗಿ ನೀ ಹೋಗಬೇಕು. ನನ್ನ ಗಾಡಿ ತಗೊಂಡ ಹೋಗು."

"ಯಾಕೋ ಕಾಕಾ? ಮೇಡಮ್ಮಾರು ನಪಾಸ್ ಮಾಡಿದ್ರೇನು?"

"ಅರ್ಧಾ ಪಾಸಲೇ. ಬಾಯಿ ಮುಚ್ಚಿ ಕೇಳು. ಕ್ಲಚ್ ಬಿರಸೈತಿ, ಮೆಲ್ಲಕ ಬಿಡು. ಪಟ್ಟದಕಲ್ಲಾಗ ಪ್ರವಾಸದ ಬಸ್ಸು ಹಿಂದಕ ತಗೋತಿರ್ತಾವ, ಹಾರ್ನ್ ಹಾಕಿ ನಿಂದ್ರು, ನುಗ್ಗಬ್ಯಾಡ. ಬಸರಿ ಹುಡಿಗಿ ಬರ್ತಾಳ ತಿರುಗಿ ಬರೂಮುಂದ. ಉಬ್ಬು ಬಂದ್ರ ಗಾಡಿ ನಿಲ್ಲಿಸಿ ದಾಟಸು." ಸ್ವಲ್ಪ ತಡೆದು, "ಎಡಕ್ಕ ಜ್ವಾಕಿ" ಎಂದರು.

ದೊಡ್ಡ ಡಾಕ್ಟರಿಗೆ ನಾನು ಫೋನ್ ಮಾಡಿದೆ. ತಾಟು, ಹಾಳೆ, ಗಾಡಿಯ ವಿಷಯ ಹೇಳಿದೆ. "ಕಣ್ಣು ಸರಿ ಇತ್ತಲ್ಲ" ಎಂದರು.

"ಈಗಲೂ ಸರಿ ಇದೆ ಸರ್."

"ಅರ್ಥವಾಯಿತು. ಸದ್ಯಕ್ಕೆ ವಾಹನ ಓಡಿಸಬಾರದು ಎಂದು ಬರೆಯಿರಿ, ನಾನು ಸಹಿ ಹಾಕುತ್ತೇನೆ. ಅಭ್ಯಾಸ ಹೇಳಿಕೊಟ್ಟು ಬನ್ನಿ. ಮೂರು ತಿಂಗಳಿಗೆ ಮತ್ತೆ ನೋಡೋಣ."

ಅಭ್ಯಾಸ ಹೇಳಿಕೊಟ್ಟೆ. ಏನನ್ನು ನೋಡುವಾಗಲೂ ಮೊದಲು ಎಡದ ಅಂಚನ್ನು ಹುಡುಕಬೇಕು, ತಾಟಿನದಾದರೂ ಹಾಳೆಯದಾದರೂ. ಬೆರಳಿನಿಂದ ಮುಟ್ಟಿ, ಅಲ್ಲಿಂದ ಬಲಕ್ಕೆ ಬರಬೇಕು. ನೀಲವ್ವ, ಇನ್ನು ಮುಂದೆ ಚಟ್ನಿಯನ್ನು ಬಲಕ್ಕೆ ಬಡಿಸಲೇ ಎಂದು ಕೇಳಿದರು. ಬೇಡ, ರೂಢಿಯಂತೆ ಎಡಕ್ಕೇ ಇಡಿ, ಅವರೇ ಹುಡುಕಿಕೊಳ್ಳಲಿ ಎಂದೆ.

"ಉಪ್ಪಿನಕಾಯಿ?"

"ಅದನ್ನ ಮಾತ್ರ ಬಿಡ್ರಿ. ಇವತ್ತಿನಿಂದ ಖರೇ ಪಥ್ಯ."

"ಅದೊಂದು ಕಾಣಲಿಲ್ಲಂದ್ರ ಛಲೋ ಇತ್ತು" ಎಂದರು ನೀಲವ್ವ. ಸಂಗಪ್ಪ ನಕ್ಕರು. ಆಮೇಲೆ ಅವರು ಒಳಗೆ ಹೋದಾಗ ನೀಲವ್ವ ನನ್ನ ಕೈ ಹಿಡಿದು, "ತಿರುಗಿ ಬರತೈತೇನ್ರಿ?" ಎಂದು ಕೇಳಿದರು. ಕೆಲವರಿಗೆ ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ, ಇವರಿಗೆ ಹೇಗೋ ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಬೇಕು. ಅವರು ಕೈ ಬಿಡಲಿಲ್ಲ.

ನಾಲ್ಕು ಗಂಟೆಗೆ ವರದಿ ಬರೆದು ಇಬ್ಬರಿಗೂ ಓದಿ ಹೇಳಿದೆ. ಕೇಳಿದ್ದೇನೆ ಎಂದು ಸಂಗಪ್ಪ ಸಹಿ ಮಾಡಬೇಕಿತ್ತು. ಸಹಿಯ ಜಾಗ ಹಾಳೆಯ ಕೆಳಗೆ, ಎಡಮೂಲೆಯಲ್ಲಿ. ಅವರು ಪೆನ್ ಹಿಡಿದು ಹಾಳೆಯ ಬಲಬದಿಯನ್ನು ನೋಡಿದರು, ಮತ್ತೆ ನೋಡಿದರು. ಹಾಳೆಯನ್ನು ಬಲಕ್ಕೆ ಸರಿಸಲು ನನ್ನ ಕೈ ಮುಂದಾಯಿತು. ಹಿಂದಕ್ಕೆ ತೆಗೆದುಕೊಂಡೆ. ನೀಲವ್ವ ತೋರಿಸಲು ಬಾಯಿ ತೆರೆದರು. ಬೇಡ ಎಂದು ಸನ್ನೆ ಮಾಡಿದೆ.

ಸಂಗಪ್ಪ ಪೆನ್ನನ್ನು ಕೆಳಗಿಟ್ಟರು. ತೋರುಬೆರಳನ್ನು ಹಾಳೆಯ ಮೇಲೆ ಇಟ್ಟು, ತಲೆಯನ್ನೂ ಅದರ ಜೊತೆಗೆ ಹೊರಳಿಸುತ್ತಾ ಎಡಕ್ಕೆ ಎಡಕ್ಕೆ ಸರಿಸಿದರು. ಬೆರಳು ಹಾಳೆಯ ಅಂಚು ದಾಟಿ ಮೇಜಿಗೆ ತಾಗಿತು. ಅಲ್ಲಿಂದ ಹಿಂದಕ್ಕೆ ಬಂದರು. "ಹಾಂ, ಇಲ್ಲೈತಿ" ಎಂದು ಬೆರಳನ್ನು ಅಲ್ಲೇ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪೆನ್ ಎತ್ತಿಕೊಂಡು ಗೆರೆಯ ಮೇಲೆ ತಮ್ಮ ಹೆಸರು ಬರೆದರು.

ನಾನು ಕೆಳಗೆ ತಾರೀಖು ಹಾಕಿದೆ.